ಪಾಲ್ಮ್‌ಸೆ ಊರು, ಅಲ್ಲಿನ ದೊಡ್ಡಮನೆ: ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೆಂದು ಎಸ್ಟೋನಿಯಾದ ರಾಜಧಾನಿ ಟಾಲಿನ್‌ಗೆ ಬಂದು ಕೆಲವು ವರ್ಷಗಳಾದವು. ಬೇಸಿಗೆ ಬಂತೆಂದರೆ ಊರಿಂದ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಬರುತ್ತಾರೆ. ಹಳೇ ಟಾಲಿನ್ ಒಂದು ದಿನಕ್ಕೆ ಮುಗಿಯುತ್ತದೆ. ಎರಡನೇ ದಿನ ನಾನು ಕರೆದುಕೊಂಡು ಹೋಗುವುದು ಪಾಲ್ಮ್‌ಸೆಗೆ. ಕಾರು ಊರು ದಾಟುವಷ್ಟರಲ್ಲಿ ಪ್ರಶ್ನೆಗಳು ಶುರು. ಪ್ರತಿ ಸಲವೂ ಹೆಚ್ಚುಕಡಿಮೆ ಅವೇ. ಬರೆದಿಟ್ಟರೆ ನನ್ನ ಗಂಟಲಾದರೂ ಉಳಿಯುತ್ತದೆ ಅಂತ ಕೂತು ಬರೆದೆ.

ಪಾಲ್ಮ್‌ಸೆ ಎಲ್ಲಿದೆ?

ಎಸ್ಟೋನಿಯಾದ ಉತ್ತರ ಕರಾವಳಿಯ ಹತ್ತಿರ. ಟಾಲಿನ್‌ನಿಂದ ಪೂರ್ವಕ್ಕೆ ಸುಮಾರು 80 ಕಿ.ಮೀ. ನಾರ್ವಾ ಕಡೆ ಹೋಗುವ ಹೆದ್ದಾರಿ ಹಿಡಿದು, ವೀಟ್ನಾ ಎಂಬಲ್ಲಿ ಎಡಕ್ಕೆ ತಿರುಗಿದರೆ ಆಯಿತು. ಲೆನೆ-ವಿರು ಜಿಲ್ಲೆಗೆ ಸೇರಿದ ಸಣ್ಣ ಊರು. ಸುತ್ತ ಲಾಹೆಮಾ ರಾಷ್ಟ್ರೀಯ ಉದ್ಯಾನ. ‘ಲಾಹೆಮಾ’ ಅಂದರೆ ಕೊಲ್ಲಿಗಳ ನಾಡು. ನಕ್ಷೆಯಲ್ಲಿ ನೋಡಿ, ಸಮುದ್ರದೊಳಗೆ ಕೈಬೆರಳುಗಳಂತೆ ನೆಲ ಚಾಚಿಕೊಂಡಿರುತ್ತದೆ. ಆ ಬೆರಳುಗಳ ಸಂದುಗಳೇ ಕೊಲ್ಲಿಗಳು.

‘ಮೊಯ್ಸ್’ ಅಂತ ಬೋರ್ಡಿನಲ್ಲಿದೆಯಲ್ಲ, ಅದು ಅರಮನೆಯಾ?

ಅಲ್ಲ. ಇಲ್ಲಿ ರಾಜ ಇರಲಿಲ್ಲ. ಮೊಯ್ಸ್ ಅಂದರೆ ಜಮೀನ್ದಾರರ ಮನೆ, ಜಮೀನು, ಅದಕ್ಕೆ ಅಂಟಿಕೊಂಡ ಲಾಯ, ಕಣಜ, ಭಟ್ಟಿ, ತೋಟ ಎಲ್ಲ ಸೇರಿದ್ದು. ನಮ್ಮ ಕಡೆ ಹಳ್ಳಿಯಲ್ಲಿ ‘ದೊಡ್ಡಮನೆ’ ಅಂತೀವಲ್ಲ, ನನಗೆ ಆ ಮಾತೇ ಹತ್ತಿರ ಅನಿಸುತ್ತದೆ. ಅದಕ್ಕೇ ಇಲ್ಲೂ ದೊಡ್ಡಮನೆ ಅಂತಲೇ ಬರೆಯುತ್ತೇನೆ. ಒಂದು ಕಾಲದಲ್ಲಿ ಈ ಪುಟ್ಟ ದೇಶದಲ್ಲಿ ಇಂಥವು ಸಾವಿರಕ್ಕೂ ಜಾಸ್ತಿ ಇದ್ದವು. ಯಾವ ದಾರಿ ಹಿಡಿದರೂ ಒಂದು ಸಾಲುಮರದ ರಸ್ತೆ ಕಾಣುತ್ತದೆ. ಆ ಸಾಲುಮರ ಕಂಡರೆ ಕೊನೆಯಲ್ಲಿ ಒಂದು ದೊಡ್ಡಮನೆ ಇದೆ, ಇಲ್ಲವೇ ಹಿಂದೆ ಇತ್ತು ಅಂತ ತಿಳಿಯಿರಿ.

ಇದನ್ನು ಕಟ್ಟಿಸಿದ್ದು ಯಾರು? ಎಷ್ಟು ಹಳೆಯದು?

ಜಾಗ ತುಂಬಾ ಹಳೆಯದು, ಮನೆ ಅಷ್ಟಲ್ಲ. ಮೊದಲು ಈ ನೆಲ ಟಾಲಿನ್‌ನ ಸಂತ ಮೈಕೇಲ್ ಕನ್ಯಾಮಠದ ಕೈಯಲ್ಲಿತ್ತು. 1510ರವರೆಗೆ ಸನ್ಯಾಸಿನಿಯರೇ ಇದರ ಒಡತಿಯರು. ಆಮೇಲೆ ಕೈ ಬದಲಾಗುತ್ತಾ 1676ರಲ್ಲಿ ಫಾನ್ ಡೆರ್ ಪಾಲೆನ್ ಮನೆತನಕ್ಕೆ ಬಂತು. ಮದುವೆಯ ಸಂಬಂಧದಿಂದ ಬಂದ ಆಸ್ತಿ. ಅಲ್ಲಿಂದ ಸುಮಾರು ಎರಡೂವರೆ ಶತಮಾನ ಅವರದೇ ಕಾರುಬಾರು.

ಈಗಿನ ಮನೆಯ ಕೆಲಸ ಶುರುವಾಗಿದ್ದು 1697ರಲ್ಲಿ. ನಕ್ಷೆ ಹಾಕಿದವನು ಯಾಕೊಬ್ ಸ್ಟಾಲ್ ಫಾನ್ ಹೋಲ್‌ಸ್ಟೈನ್. ಮೂರು ವರ್ಷಕ್ಕೆ ಸ್ವೀಡನ್‌ಗೂ ರಷ್ಯಾಗೂ ದೊಡ್ಡ ಯುದ್ಧ ಹತ್ತಿಕೊಂಡಿತು. ಅದು 1721ರವರೆಗೆ ಎಳೆಯಿತು. ನಡುವೆ 1710ರಲ್ಲಿ ಪ್ಲೇಗು ಬಂದು ಊರೂರೇ ಖಾಲಿಯಾದವು. ಗೋಡೆ ಕಟ್ಟುವುದಕ್ಕೆ ಆಳು ಎಲ್ಲಿಂದ ತರುವುದು? ಕೆಲಸ ವರ್ಷಗಟ್ಟಲೆ ನಿಂತಿತು. ನೀವು ಈಗ ನೋಡುವ ಅಚ್ಚುಕಟ್ಟಾದ ರೂಪ 1782ರಿಂದ 1785ರ ನಡುವೆ ಯೋಹಾನ್ ಕಾಸ್ಪರ್ ಮೋರ್ ಕೈಯಲ್ಲಿ ಬಂದದ್ದು.

ದೇಶ ಎಸ್ಟೋನಿಯಾ, ಧಣಿಗಳ ಹೆಸರು ಜರ್ಮನ್. ಇದು ಹೇಗೆ?

ಎಲ್ಲರೂ ಇಲ್ಲೇ ತಡವರಿಸುವುದು. 13ನೇ ಶತಮಾನದಲ್ಲಿ ಜರ್ಮನ್ ಮತ್ತು ಡೇನಿಷ್ ಸೈನಿಕರು ಕ್ರೈಸ್ತ ಧರ್ಮದ ಹೆಸರಲ್ಲಿ ಈ ನಾಡನ್ನು ಗೆದ್ದರು. ಉತ್ತರ ಭಾಗ ಡೆನ್ಮಾರ್ಕ್‌ನದಾಗಿತ್ತು. 1346ರಲ್ಲಿ ಡೆನ್ಮಾರ್ಕ್ ರಾಜ ಅದನ್ನು ಜರ್ಮನ್ ಯೋಧ-ಸನ್ಯಾಸಿಗಳ ಪಂಗಡಕ್ಕೆ ಮಾರಿಬಿಟ್ಟ. ಹೌದು, ಜನರ ಸಮೇತ ಮಾರಿದ. ಆಮೇಲೆ ಸ್ವೀಡನ್ ಬಂತು, 1710ರಲ್ಲಿ ರಷ್ಯಾ ಬಂತು. ಮೇಲಿನ ಬಾವುಟ ಬದಲಾಗುತ್ತಲೇ ಇತ್ತು. ಕೆಳಗೆ ಹೊಲದ ಧಣಿ ಮಾತ್ರ ಜರ್ಮನ್ ಮಾತಾಡುವವನೇ. ರಷ್ಯಾದ ಜಾರ್ ದೊರೆಗಳು ಕೂಡ ಬಹುಕಾಲ ಈ ಧಣಿಗಳ ಹಕ್ಕುಗಳಿಗೆ ಅಷ್ಟಾಗಿ ಕೈ ಹಾಕಲಿಲ್ಲ. ಬದಲಿಗೆ ಅವರನ್ನೇ ಸೇನಾಪತಿ, ಗವರ್ನರ್ ಅಂತ ಮಾಡಿಕೊಂಡರು.

ಎಸ್ಟೋನಿಯನ್ ಭಾಷೆಯಲ್ಲಿ ಜರ್ಮನ್ನರಿಗೆ ‘ಸಾಕ್ಸ್‌ಲಾನೆ’ ಅನ್ನುತ್ತಾರೆ. ಅದೇ ಬೇರಿನ ‘ಸಾಕ್ಸ್’ ಅಂದರೆ ದೊಡ್ಡ ಮನುಷ್ಯ, ಸಾಹೇಬ. ಒಂದು ಜನಾಂಗದ ಹೆಸರು, ಒಂದು ಅಂತಸ್ತಿನ ಹೆಸರು ಎರಡೂ ಒಂದೇ ಆಗಿಹೋಗಿತ್ತು. ಏಳು ಶತಮಾನದ ಕತೆಯನ್ನು ಈ ಒಂದು ಪದದಲ್ಲೇ ಹೇಳಬಹುದು.

ಒಕ್ಕಲುಗಳ ಪಾಡು ಏನಿತ್ತು?

ಮನೆ ನೋಡಿ ‘ಎಷ್ಟು ಚೆಂದ’ ಅಂದವರೆಲ್ಲ ಈ ಪ್ರಶ್ನೆ ಕೇಳುವುದಿಲ್ಲ. ಕೇಳಿದವರ ಮೇಲೆ ನನಗೆ ಪ್ರೀತಿ ಜಾಸ್ತಿ.

ಒಕ್ಕಲು ಅಂದರೆ ಎಸ್ಟೋನಿಯನ್ ರೈತ. ಅವನಿಗೆ ಉಳಲು ಸ್ವಲ್ಪ ನೆಲ ಕೊಡುತ್ತಿದ್ದರು. ಬಾಡಿಗೆಯಾಗಿ ದುಡ್ಡಲ್ಲ, ದುಡಿಮೆ. ವಾರಕ್ಕೆ ಇಷ್ಟು ದಿನ ಒಬ್ಬ ಆಳು, ಒಂದು ಕುದುರೆ, ಒಂದು ನೇಗಿಲು ದೊಡ್ಡಮನೆಯ ಹೊಲಕ್ಕೆ ಹೋಗಬೇಕು. ಬೇಸಿಗೆಯಲ್ಲಿ ಕೊಯ್ಲಿಗೆ ಇನ್ನೂ ಕೈಗಳು ಬೇಕು. ಧಣಿಯ ಹೊಲ ಒಣಗಿದ ದಿನವೇ ತನ್ನ ಹೊಲವೂ ಒಣಗಿರುತ್ತದೆ ಅಲ್ವಾ? ಮೊದಲು ಧಣಿಯದು, ಆಮೇಲೆ ತನ್ನದು. ಅಷ್ಟರಲ್ಲಿ ಮಳೆ. ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲ ಅಂತ ಸುಮ್ನೆ ಬಿಡುತ್ತಿರಲಿಲ್ಲ. ಜಾರುಬಂಡಿಯಲ್ಲಿ ಧಣಿಯ ಸರಕು ಹೇರಿಕೊಂಡು ಪೇಟೆಗೆ ಹೋಗಬೇಕು. ಈ ಬಿಟ್ಟಿ ದುಡಿಮೆಗೆ ಇಲ್ಲಿನವರು ‘ತೆಓ-ಓರ್ಯುಸ್’ ಅನ್ನುತ್ತಾರೆ. ‘ಓರಿ’ ಅಂದರೆ ಗುಲಾಮ. ಮೇಲೆ ನಿಂತು ಕೆಲಸ ಮಾಡಿಸುವವನು ‘ಕುಬ್ಯಾಸ್’, ಅಂದರೆ ಮೇಸ್ತ್ರಿ. ಕೈಯಲ್ಲಿ ಕೋಲು. ಹೊಡೆಸುವ ಹಕ್ಕು ಧಣಿಗೆ ಕಾನೂನಿನಲ್ಲೇ ಇತ್ತು. ಅದು ಹೋಗಿದ್ದು 1865ರಲ್ಲಿ.

ಜೀತ ರದ್ದಾಗಿದ್ದು 1816ರಲ್ಲಿ. ಆದರೆ ಸ್ವಾತಂತ್ರ್ಯ ಕೊಟ್ಟರು, ನೆಲ ಕೊಡಲಿಲ್ಲ. ಇಡೀ ಭೂಮಿ ಧಣಿಯದೇ ಅಂತ ಅದೇ ಕಾಗದ ಹೇಳಿತು. ಹಾಗಾಗಿ ‘ಬಿಡುಗಡೆಯಾದ’ ಮನುಷ್ಯ ಮಾರನೇ ದಿನ ಅದೇ ಹೊಲಕ್ಕೆ, ಅದೇ ಬಿಟ್ಟಿ ಕೆಲಸಕ್ಕೆ ಹೋದ. ಬಾಡಿಗೆಯನ್ನು ದುಡಿಮೆಯಲ್ಲಿ ತೀರಿಸುವ ಪದ್ಧತಿ 1868ರವರೆಗೆ ನಡೆಯಿತು. ಅದಕ್ಕೆ ಹತ್ತು ವರ್ಷ ಮೊದಲು, 1858ರಲ್ಲಿ, ಮಾಹ್ತ್ರಾ ಎಂಬ ಊರಿನ ಸುತ್ತಿನ ರೈತರು ‘ಹೆಚ್ಚುವರಿ ದುಡಿಮೆ ಮಾಡೋದಿಲ್ಲ’ ಅಂತ ಕೂತರು. ಸೈನ್ಯ ಬಂತು. ದೊಣ್ಣೆ ಹಿಡಿದ ರೈತರು ಬಂದೂಕಿನ ಎದುರು ನಿಂತರು. ಅಲ್ಲಿನ ದೊಡ್ಡಮನೆ ಸುಟ್ಟುಹೋಯಿತು. ಶಾಲೆಯ ಮಕ್ಕಳಿಗೂ ಗೊತ್ತಿರುವ ಕತೆ ಇದು.

ಅವರು ಇರುತ್ತಿದ್ದ ಮನೆ ಹೇಗಿತ್ತು?

ಪಾಲ್ಮ್‌ಸೆ ನೋಡುವ ಮೊದಲೋ ಆಮೇಲೋ ಟಾಲಿನ್‌ನ ಬಯಲು ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಸಮುದ್ರದ ದಂಡೆಯ ರೊಕ್ಕಾ ಅಲ್ ಮಾರೆಯಲ್ಲಿದೆ. ಹಳ್ಳಿಮನೆಗಳನ್ನು ಬೇರೆ ಬೇರೆ ಕಡೆಯಿಂದ ಕಿತ್ತು ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ.

ರೈತರ ಮನೆಗೆ ‘ರೆಹಿ’ ಮನೆ ಅನ್ನುತ್ತಾರೆ. ಒಂದೇ ಉದ್ದನೆಯ ಮರದ ಕಟ್ಟಡ. ಮೇಲೆ ಹುಲ್ಲಿನದೋ ಜೊಂಡಿನದೋ ಚಾವಣಿ, ಬಹಳ ತಗ್ಗಿಗೆ ಇಳಿದಿರುತ್ತದೆ. ನಡುವಿನ ಕೋಣೆಯಲ್ಲಿ ದೊಡ್ಡ ಒಲೆ. ಹೊಗೆಗೂಡು ಇಲ್ಲ. ಈ ದೇಶದಲ್ಲಿ ಸುಗ್ಗಿ ಹೊತ್ತಿಗೆ ಮಳೆ, ತೇವ. ಬಿಸಿಲಲ್ಲಿ ತೆನೆ ಒಣಗುವುದಿಲ್ಲ. ಹಾಗಾಗಿ ಒಲೆಯ ಮೇಲಿನ ತೊಲೆಗಳಿಗೆ ತೆನೆ ಏರಿಸಿ, ಹೊಗೆ ಬಿಸಿಯಲ್ಲಿ ಒಣಗಿಸಿ, ಪಕ್ಕದ ಕಣದಲ್ಲಿ ಒಕ್ಕಣೆ. ಚಳಿಗಾಲದಲ್ಲಿ ಅದೇ ಕೋಣೆಯಲ್ಲಿ ಮನೆಮಂದಿ ಎಲ್ಲ ಮಲಗುವುದು. ಬಾಗಿಲು ತಗ್ಗು, ಹೊಸಿಲು ಎತ್ತರ. ಬಿಸಿ ಹೊರಗೆ ಹೋಗಬಾರದು ಅಂತ.

ನಮ್ಮತ್ತೆ ದಾವಣಗೆರೆಯಿಂದ ಬಂದಾಗ ಇಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಗ್ಗಿ ಒಳಗೆ ಹೋದವರು ಗೋಡೆಗೆ ಬೆರಳು ಒತ್ತಿ, ಬೆಳಕಿಗೆ ಹಿಡಿದು ನೋಡಿದರು. ‘ನಮ್ಮಜ್ಜಿ ಅಡುಗೆಮನೆ ಇದೇ ವಾಸನೆ ಇತ್ತು ಕಣಪ್ಪ’ ಅಂದರು. ಮಾರನೇ ದಿನ ಪಾಲ್ಮ್‌ಸೆಯ ಹಾಲ್‌ನಲ್ಲಿ ಬಿಳಿ ಟೈಲ್ಸ್‌ನ ಒಲೆ ಕಂಡರು. ಕೋಣೆಗೊಂದು, ಚಾವಣಿ ಮುಟ್ಟುವಷ್ಟು ಎತ್ತರ, ಹೊಗೆ ಎಲ್ಲಿ ಹೋಗುತ್ತದೆ ಅಂತಲೂ ಗೊತ್ತಾಗುವುದಿಲ್ಲ. ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತರು. ಏನೂ ಹೇಳಲಿಲ್ಲ.

ಇಷ್ಟು ದೊಡ್ಡ ಮನೆ ಕಟ್ಟಲು ದುಡ್ಡು ಎಲ್ಲಿಂದ ಬಂತು?

ಸಾರಾಯಿಯಿಂದ. ತಮಾಷೆ ಅಲ್ಲ. 18ನೇ ಶತಮಾನದ ಕೊನೆಯ ಭಾಗದಲ್ಲಿ ಈ ಕಡೆಯ ಧಣಿಗಳಿಗೆ ರಷ್ಯಾದ ಮಾರುಕಟ್ಟೆ ತೆರೆಯಿತು. ಸೇಂಟ್ ಪೀಟರ್ಸ್‌ಬರ್ಗ್ ಹತ್ತಿರದಲ್ಲೇ ಇದೆ, ಬಾಯಾರಿಕೆಗೆ ಕೊನೆಯಿಲ್ಲ. ಧಾನ್ಯವನ್ನು ಹಾಗೇ ಮಾರುವುದಕ್ಕಿಂತ ಭಟ್ಟಿ ಇಳಿಸಿ ಮಾರಿದರೆ ಲಾಭ ಜಾಸ್ತಿ. ಸಾಗಿಸಲೂ ಸುಲಭ. ಉಳಿದ ಗಸಿ ಎತ್ತುಗಳಿಗೆ. ಕೊಬ್ಬಿದ ಎತ್ತು ಪೀಟರ್ಸ್‌ಬರ್ಗ್‌ನ ಕಸಾಯಿಖಾನೆಗೆ. ಎತ್ತಿನ ಗೊಬ್ಬರ ಹೊಲಕ್ಕೆ. ಆಮೇಲೆ ಧಾನ್ಯದ ಬದಲು ಆಲೂಗಡ್ಡೆ ಬಂತು. ಯಾವುದೂ ವ್ಯರ್ಥವಿಲ್ಲ, ಕೂಲಿಯ ಖರ್ಚೂ ಹೆಚ್ಚಿಲ್ಲ. ಈ ಪ್ರಾಂತ್ಯದ ಚೆಂದದ ದೊಡ್ಡಮನೆಗಳು ಬಹಳಷ್ಟು ಇದೇ ಕಾಲದಲ್ಲಿ ಎದ್ದವು ಅನ್ನುವುದನ್ನು ಗಮನಿಸಿ.

ಪಾಲ್ಮ್‌ಸೆಯಲ್ಲೂ ಭಟ್ಟಿ ಇತ್ತು. ಆ ಕಲ್ಲಿನ ಕಟ್ಟಡದಲ್ಲೇ ಆಮೇಲೆ ಹೋಟೆಲು ಮಾಡಿದರು.

ಪಾಲೆನ್ ಮನೆತನದವರು ಯಾರಾದರೂ ಹೆಸರುವಾಸಿಗಳಾ?

ಮೂರು ಜನರ ಹೆಸರು ಹೇಳುತ್ತೇನೆ. ಈ ವಂಶದ ಪೀಟರ್ ಲುಡ್ವಿಗ್ ಫಾನ್ ಡೆರ್ ಪಾಲೆನ್ ಸೇಂಟ್ ಪೀಟರ್ಸ್‌ಬರ್ಗ್‌ನ ಸೈನಿಕ ಗವರ್ನರ್ ಆಗಿದ್ದ. 1801ರಲ್ಲಿ ಜಾರ್ ಒಂದನೇ ಪಾಲ್‌ನನ್ನು ಅವನ ಮಲಗುವ ಮನೆಯಲ್ಲೇ ಕೊಂದ ಪಿತೂರಿಗೆ ಇವನೇ ತಲೆ. ಕಾರ್ಲ್ ಮಾಗ್ನುಸ್ 1830ರಿಂದ 1845ರವರೆಗೆ ಬಾಲ್ಟಿಕ್ ಪ್ರಾಂತ್ಯಗಳ ಗವರ್ನರ್-ಜನರಲ್.

ನನಗೆ ಇಷ್ಟವಾಗುವವನು ಮೂರನೆಯವನು, ಅಲೆಕ್ಸಾಂಡರ್. ಟಾಲಿನ್‌ಗೆ ರೈಲು ತಂದವನು. ಬೆನ್ನು ಹತ್ತಿ, ಹಣ ಹೊಂದಿಸಿ, ಪಾಲ್ಡಿಸ್ಕಿ ಬಂದರಿನಿಂದ ಟಾಲಿನ್, ನಾರ್ವಾ ಮೇಲೆ ಪೀಟರ್ಸ್‌ಬರ್ಗ್ ಹತ್ತಿರದ ಗಾಚಿನಾವರೆಗೆ ಹಳಿ ಹಾಕಿಸಿದ. 1870ರಲ್ಲಿ ಗಾಡಿ ಓಡಿತು. ಟಾಲಿನ್ ನಿದ್ದೆಯಿಂದ ಎದ್ದದ್ದೇ ಆಗ. ಹಳ್ಳಿಯ ಹುಡುಗರು ರೈಲು ಹತ್ತಿ ಕಾರ್ಖಾನೆಗೆ ಬಂದರು, ಓದಿದರು, ಪತ್ರಿಕೆ ಮಾಡಿದರು. ಧಣಿಗಳ ಕಾಲ ಮುಗಿಸಿದ ತಲೆಮಾರು ಬಂದದ್ದು ಧಣಿಯೊಬ್ಬ ಹಾಕಿಸಿದ ಹಳಿಯ ಮೇಲೆ. ಅವನಿಗೆ ಇದು ಹೊಳೆದಿತ್ತೋ ಇಲ್ಲವೋ!

ಎಸ್ಟೋನಿಯನ್ನರ ಅಡ್ಡಹೆಸರುಗಳೂ ಜರ್ಮನ್ ಥರ ಇವೆಯಲ್ಲ?

ಕೆಲವು. ಇಲ್ಲಿನ ರೈತರಿಗೆ ಅಡ್ಡಹೆಸರೇ ಇರಲಿಲ್ಲ. ಈ ಪ್ರಾಂತ್ಯದಲ್ಲಿ 1835ರಲ್ಲಿ ಒಟ್ಟಿಗೆ ಎಲ್ಲರಿಗೂ ಕೊಟ್ಟರು. ಪುಸ್ತಕ ಹಿಡಿದು ಕೂತವರು ದೊಡ್ಡಮನೆಯವರು ಮತ್ತು ಪಾದ್ರಿ. ಒಬ್ಬನಿಗೆ ತಾಮ್, ಅಂದರೆ ಓಕ್ ಮರ. ಇನ್ನೊಬ್ಬನಿಗೆ ಕಾಸ್ಕ್, ಬರ್ಚ್ ಮರ. ಕಮ್ಮಾರನಿಗೆ ಸೆಪ್. ಗುಡ್ಡದ ಪಕ್ಕದವನಿಗೆ ಮ್ಯಾಗಿ. ಕುಕ್ ಅಂದರೆ ಹುಂಜ. ಕೆಲವರಿಗೆ ಧಣಿಯ ಭಾಷೆಯ ಹೆಸರೇ ಅಂಟಿತು. 1930ರ ದಶಕದಲ್ಲಿ ಸಾವಿರಾರು ಜನ ಅಂಥ ಹೆಸರು ಬಿಟ್ಟು ತಮ್ಮ ಭಾಷೆಯ ಹೆಸರು ಇಟ್ಟುಕೊಂಡರು. ನನ್ನ ಆಫೀಸಿನಲ್ಲಿ ಇಬ್ಬರು ‘ತಾಮ್’ ಇದ್ದಾರೆ, ನೆಂಟರಲ್ಲ.

ಧಣಿಗಳು ಎಲ್ಲಿಗೆ ಹೋದರು?

ಎಸ್ಟೋನಿಯಾ 1918ರಲ್ಲಿ ಸ್ವತಂತ್ರ ಅಂತ ಸಾರಿಕೊಂಡಿತು. ಸ್ವಾತಂತ್ರ್ಯ ಉಳಿಸಿಕೊಳ್ಳುವ ಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1919ರ ಅಕ್ಟೋಬರ್ 10ರಂದು ಭೂಸುಧಾರಣೆ ಕಾನೂನು ತಂದರು. ದೊಡ್ಡಮನೆಗಳ ಜಮೀನು ಹೆಚ್ಚುಕಡಿಮೆ ಪೂರ್ತಿ ಸರ್ಕಾರಕ್ಕೆ. ಅದನ್ನು ತುಂಡು ಮಾಡಿ ಗೇಣಿದಾರರಿಗೆ, ಯುದ್ಧದಲ್ಲಿ ಕಾದಾಡಿದ ಸೈನಿಕರಿಗೆ ಹಂಚಿದರು. ‘ಉಳುವವನೇ ಹೊಲದೊಡೆಯ’ ಅನ್ನುತ್ತೀರಲ್ಲ, ಅಂಥದ್ದೇ, ಆದರೆ ಒಂದೇ ಏಟಿಗೆ. ಅದಕ್ಕೆ ಮೊದಲು ದೇಶದ ಅರ್ಧಕ್ಕಿಂತ ಜಾಸ್ತಿ ನೆಲ ದೊಡ್ಡಮನೆಗಳ ಕೈಯಲ್ಲಿತ್ತು.

1905ರ ಡಿಸೆಂಬರಿನಲ್ಲೇ ಜನ ನೂರಕ್ಕೂ ಹೆಚ್ಚು ದೊಡ್ಡಮನೆಗಳಿಗೆ ಬೆಂಕಿ ಇಟ್ಟಿದ್ದರು. ಹಾಗಾಗಿ 1919ರ ಕಾನೂನು ಯಾರಿಗೂ ಆಕಾಶದಿಂದ ಬಿದ್ದಂತೆ ಅನಿಸಿರಲಾರದು.

ಪಾಲೆನ್ ಮನೆಯವರು 1923ರಲ್ಲಿ ಪಾಲ್ಮ್‌ಸೆ ಬಿಟ್ಟರು. ದೇಶದಲ್ಲಿ ಉಳಿದ ಜರ್ಮನ್ನರನ್ನು 1939ರಲ್ಲಿ ಹಿಟ್ಲರ್ ಕರೆಸಿಕೊಂಡ. ಸ್ಟಾಲಿನ್ ಜೊತೆ ಒಪ್ಪಂದವಾಗಿತ್ತು. ಹದಿಮೂರು ಸಾವಿರಕ್ಕೂ ಜಾಸ್ತಿ ಜನ ಪೆಟ್ಟಿಗೆ ಕಟ್ಟಿಕೊಂಡು ಹಡಗು ಹತ್ತಿದರು. ಏಳು ಶತಮಾನ ಇದ್ದವರು ಕೆಲವೇ ತಿಂಗಳಲ್ಲಿ ಖಾಲಿ.

ಹಾಗಾದರೆ ಈ ಮನೆ ಹೇಗೆ ಉಳಿಯಿತು?

ಮೊದಲು ವಿಶ್ರಾಂತಿ ಧಾಮ ಆಯಿತು. ಆಮೇಲೆ ಎಸ್ಟೋನಿಯಾ ಸೋವಿಯತ್ ಒಕ್ಕೂಟದೊಳಗಿದ್ದ ಕಾಲದಲ್ಲಿ ಪಯನೀರ್ ಅನ್ನುವ ಕಮ್ಯುನಿಸ್ಟ್ ಮಕ್ಕಳ ಸಂಘದ ಶಿಬಿರ. ಕೆಂಪು ಕರವಸ್ತ್ರ ಕಟ್ಟಿಕೊಂಡ ಮಕ್ಕಳು ಧಣಿಯ ಹಾಲ್‌ನಲ್ಲಿ ಓಡಾಡುತ್ತಿದ್ದರು. ಮನೆ ಸವೆಯಿತು. ಆದರೆ ಜನ ಇದ್ದದ್ದರಿಂದಲೇ ಉಳಿಯಿತು. ಇಲ್ಲಿನ ಚಳಿಯಲ್ಲಿ ಒಲೆ ಹಚ್ಚದ ಮನೆ ಬೇಗ ಬೀಳುತ್ತದೆ. ಚಾವಣಿಯ ಒಂದು ಹೆಂಚು ಹೋದರೆ ಸಾಕು, ನೀರು ಇಳಿದು, ಮಂಜುಗಟ್ಟಿ, ಗೋಡೆ ಸೀಳುತ್ತದೆ. ಶಾಲೆಯೋ ಆಸ್ಪತ್ರೆಯೋ ಆದ ದೊಡ್ಡಮನೆಗಳು ಉಳಿದವು. ಖಾಲಿ ಬಿಟ್ಟವು ಹೋದವು. ಇವತ್ತಿಗೂ ಹಲವು ಹಳ್ಳಿಗಳ ಮಕ್ಕಳು ಬ್ಯಾರನ್‌ನ, ಅಂದರೆ ಹಳೇ ಧಣಿಯ, ಮನೆಯಲ್ಲೇ ಗಣಿತ ಕಲಿಯುತ್ತಾರೆ.

1971ರ ಜೂನ್ 1ರಂದು ಲಾಹೆಮಾ ರಾಷ್ಟ್ರೀಯ ಉದ್ಯಾನ ಆಯಿತು. ಇಡೀ ಸೋವಿಯತ್ ಒಕ್ಕೂಟದಲ್ಲಿ ಮೊದಲನೆಯದು. ಕಾಡು, ಜೌಗು ಮಾತ್ರವಲ್ಲ, ಹಳ್ಳಿ, ದೊಡ್ಡಮನೆಗಳೂ ಉದ್ಯಾನದ ಲೆಕ್ಕಕ್ಕೆ ಬಂದವು. ಇದರ ಜಾಣತನ ನೋಡಿ. ‘ರಾಷ್ಟ್ರೀಯ’ ಅನ್ನುವ ಪದ ಮಾಸ್ಕೋಗೆ ಒಂದು ಅರ್ಥ, ಎಸ್ಟೋನಿಯನ್ನರಿಗೆ ಇನ್ನೊಂದು ಅರ್ಥ. 1970ರ ದಶಕದ ನಡುವೆ ಪಾಲ್ಮ್‌ಸೆಯ ದುರಸ್ತಿ ಶುರುವಾಗಿ ಸುಮಾರು ಹತ್ತು ವರ್ಷ ನಡೆಯಿತು. ಮನೆಯೊಂದೇ ಅಲ್ಲ, ಹೊರಗಿನ ಕಟ್ಟಡ, ಕೊಳ, ತೋಟ ಎಲ್ಲವನ್ನೂ ಒಟ್ಟಿಗೆ ಸರಿಮಾಡಿದ ಮೊದಲ ದೊಡ್ಡಮನೆ ಇದು. ಕೆಂಪು ಬಾವುಟದ ಕೆಳಗೆ, ಬ್ಯಾರನ್‌ನ ಮನೆಗೆ, ರೈತರ ಮೊಮ್ಮಕ್ಕಳು ಸುಣ್ಣ ಬಳಿದರು.

ಈಗ ವಿರುಮಾ ವಸ್ತುಸಂಗ್ರಹಾಲಯಗಳ ಪ್ರತಿಷ್ಠಾನ ನೋಡಿಕೊಳ್ಳುತ್ತದೆ.

ಒಳಗಿರುವ ಸಾಮಾನು ಪಾಲೆನ್ ಮನೆಯವರದೇನಾ?

ಹೆಚ್ಚಿನವು ಅಲ್ಲ. ಆ ಕಾಲದ್ದೇ, ಆದರೆ ಬೇರೆ ಕಡೆಯಿಂದ ತಂದು ಜೋಡಿಸಿದ್ದು. ಅದನ್ನು ಕೇಳಿ ಮುಖ ಸಣ್ಣ ಮಾಡಿಕೊಳ್ಳಬೇಡಿ. ಹಿಂಭಾಗದ ಕಿಟಕಿಗೆ ಹೋಗಿ ಹೊರಗೆ ನೋಡಿ. ಕೊಳ, ಆಚೆ ಮರಗಳು. ಅದು ಅಸಲಿ.

ಹೊರಗಿನ ಕಟ್ಟಡಗಳನ್ನು ತಪ್ಪಿಸಬೇಡಿ. ಲಾಯ ಮತ್ತು ಗಾಡಿಮನೆಯಲ್ಲಿ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರವಿದೆ. ಗಾಜಿನ ಮನೆ ಇದೆ, ಹೊರಗೆ ಹಿಮ ಬಿದ್ದಿರುವಾಗ ಧಣಿಗೆ ಬಿಸಿನಾಡಿನ ಗಿಡ ಬೆಳೆಸುವ ಶೋಕಿ. ಜನ ಮುಖ್ಯ ಮನೆಯ ಫೋಟೋ ತೆಗೆದು ಬಸ್ ಹತ್ತುತ್ತಾರೆ. ನಾನಾದರೆ ಅರ್ಧ ಹೊತ್ತು ಹಿಂದಿನ ಕಟ್ಟಡಗಳಿಗೆ ಕೊಡುತ್ತೇನೆ. ಮನೆ ನಡೆದದ್ದು ಅಲ್ಲಿಂದ.

ದೆವ್ವ ಇದೆಯಾ?

ಮಕ್ಕಳು ಕೇಳುವ ಪ್ರಶ್ನೆ. ನಾನು ನೋಡಿಲ್ಲ.

ಜನರಿಗೆ ಈ ದೊಡ್ಡಮನೆಗಳ ಮೇಲೆ ಸಿಟ್ಟಿಲ್ವಾ?

ಸಿಟ್ಟು ಮಾತಿನಲ್ಲಿ ಉಳಿದಿದೆ. ‘ಮೊಯ್ಸಾ ಕೊಯ್ಸ್, ಲಾಸ್ ಲೊಹಿಸೆಬ್’ ಅಂತ ಒಂದು ಗಾದೆ. ದೊಡ್ಡಮನೆಯ ಹಗ್ಗ ತಾನೆ, ನೆಲಕ್ಕೆ ಉಜ್ಜಿದರೆ ಉಜ್ಜಲಿ ಬಿಡು ಅಂತ ಅರ್ಥ. ತನ್ನದಲ್ಲದ ಹಗ್ಗ ಸವೆದರೆ ಜೀತದಾಳಿಗೇನು? ಇವತ್ತು ಸರ್ಕಾರದ ದುಡ್ಡು, ಕಂಪನಿಯ ಸಾಮಾನು ಹಾಳಾಗುವುದನ್ನು ಕಂಡರೆ ಇದನ್ನೇ ಹೇಳುತ್ತಾರೆ. ‘ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ’ ಅನ್ನುವ ನಮ್ಮ ಮಾತಿಗೆ ದೂರದ ನೆಂಟ.

ಆದರೆ ಅದೇ ಜನ ಅದೇ ಮನೆಗಳಲ್ಲಿ ಮದುವೆ ಇಟ್ಟುಕೊಳ್ಳುತ್ತಾರೆ, ಬೇಸಿಗೆಯಲ್ಲಿ ಸಂಗೀತ ಕೇಳುತ್ತಾರೆ. ಒಮ್ಮೆ ಪಾಲ್ಮ್‌ಸೆಯ ಅಂಗಳದಲ್ಲಿ ಒಬ್ಬ ಅಜ್ಜನನ್ನು ಇದೇ ಪ್ರಶ್ನೆ ಕೇಳಿದೆ. ಅವರು ಗೋಡೆಯ ಕಡೆ ಕೈ ತೋರಿಸಿ, ‘ಮನೆ ಅವರದಿರಬಹುದು, ಕಲ್ಲು ಹೊತ್ತವರು ನಮ್ಮವರು’ ಅಂದರು. ಆಮೇಲೆ ಐಸ್‌ಕ್ರೀಮ್ ತಿನ್ನುತ್ತಾ ಹೋದರು.

ಭಾಷೆ ಗೊತ್ತಿಲ್ಲದೆ ನಡೆಯುತ್ತದಾ?

ಇಂಗ್ಲಿಷ್ ಸಾಕು. ಆದರೆ ಎಸ್ಟೋನಿಯನ್ ಕನ್ನಡಿಗರಿಗೆ ಅಷ್ಟು ಅಪರಿಚಿತ ಅನಿಸುವುದಿಲ್ಲ. ನೆಂಟಸ್ತಿಕೆ ಇಲ್ಲ, ಸ್ವಭಾವ ಮಾತ್ರ ಹತ್ತಿರ. ‘ಮಾಯಾ’ ಅಂದರೆ ಮನೆ. ‘ಮಾಯಾಸ್’ ಮನೆಯಲ್ಲಿ. ‘ಮಾಯಾಸ್ತ್’ ಮನೆಯಿಂದ. ನಮ್ಮ ಹಾಗೇ ಪದದ ಬಾಲಕ್ಕೆ ವಿಭಕ್ತಿ ಅಂಟಿಸುತ್ತಾ ಹೋಗುವುದು. ಹದಿನಾಲ್ಕು ವಿಭಕ್ತಿಗಳಿವೆ ಅಂತ ಯುರೋಪಿನವರು ತಲೆ ಮೇಲೆ ಕೈ ಇಡುತ್ತಾರೆ. ನಮಗೆ ಹೆದರಿಕೆ ಸ್ವಲ್ಪ ಕಮ್ಮಿ.

ಜನ ಮಾತು ಕಮ್ಮಿ. ಒರಟುತನ ಅಂದುಕೊಳ್ಳಬೇಡಿ. ‘ತೆರೆ’ ಅಂದರೆ ನಮಸ್ಕಾರ, ‘ಐತಾಹ್’ ಅಂದರೆ ಧನ್ಯವಾದ. ಇವೆರಡು ಹೇಳಿ ನೋಡಿ, ಮುಖ ಅರಳುತ್ತದೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ಆಲೂಗಡ್ಡೆ, ಬೀಟ್‌ರೂಟ್, ಅಣಬೆ, ಪ್ಯಾನ್‌ಕೇಕ್. ಸೂಪಿನಲ್ಲಿ ಮಾಂಸದ ಸಾರು ಇರುವುದುಂಟು. ಕಪ್ಪು ರೈ ಬ್ರೆಡ್ ಎಲ್ಲೆಡೆ ಇರುತ್ತದೆ. ಹುಳಿ ಹಿಟ್ಟಿನದು, ಭಾರ, ಸ್ವಲ್ಪ ಸಿಹಿ. ನೆಲಕ್ಕೆ ಬಿದ್ದ ಬ್ರೆಡ್ಡಿನ ತುಂಡನ್ನು ಎತ್ತಿ ಮುತ್ತು ಕೊಡುವ ವಾಡಿಕೆ ಹಳೇ ಕಾಲದಲ್ಲಿತ್ತು. ಅನ್ನವನ್ನು ಕಣ್ಣಿಗೊತ್ತಿಕೊಳ್ಳುವ ಹಾಗೆ.

‘ಕಾಮಾ’ ಕಂಡರೆ ಬಿಡಬೇಡಿ. ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ ಹಿಟ್ಟು. ಮಜ್ಜಿಗೆಗೋ ಮೊಸರಿಗೋ ಕಲಸಿ ತಿನ್ನುವುದು. ಹುರಿಹಿಟ್ಟು ತಿಂದು ಬೆಳೆದವರು ಒಂದು ಚಮಚ ಬಾಯಿಗಿಟ್ಟು ನಗದೇ ಇರುವುದನ್ನು ನಾನು ನೋಡಿಲ್ಲ.

ಯಾವಾಗ ಬರಬೇಕು?

ಜೂನ್‌ನಿಂದ ಆಗಸ್ಟ್. ಜೂನ್ ಕೊನೆಯಲ್ಲಿ ರಾತ್ರಿ ಹತ್ತೂವರೆ ದಾಟಿದರೂ ಬೆಳಕು. ಜೂನ್ 23ರ ರಾತ್ರಿ ಊರೂರಲ್ಲಿ ದೊಡ್ಡ ಬೆಂಕಿ ಹಾಕಿ ಹಬ್ಬ ಮಾಡುತ್ತಾರೆ. ಆಗ ಟಾಲಿನ್ ಖಾಲಿ, ಹಳ್ಳಿ ತುಂಬಿರುತ್ತದೆ. ಡಿಸೆಂಬರಿನಲ್ಲಿ ಬೆಳಕಿರುವುದು ಆರು ತಾಸು ಅಷ್ಟೇ. ಹಿಮ ಬಿದ್ದ ಸಾಲುಮರ ಚೆಂದ, ಆದರೆ ತೆರೆದಿರುವ ದಿನ, ಸಮಯ ಮೊದಲೇ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್‌ಗೆ ಷೆಂಗೆನ್ ವೀಸಾ ಬೇಕು. ಹೆಲ್ಸಿಂಕಿಗೆ ಬಂದವರು ಹಡಗಿನಲ್ಲಿ ಎರಡು ಗಂಟೆಗೆ ಟಾಲಿನ್ ಸೇರಬಹುದು.

ಸುತ್ತಮುತ್ತ ಇನ್ನೇನಿದೆ?

ಒಂದು ದಿನ ಇದ್ದರೆ ಆಲ್ತ್ಯಾಗೆ ಹೋಗಿ. ಮೀನುಗಾರರ ಹಳ್ಳಿ. ದಂಡೆಯ ಮೇಲೆ ಬಲೆ ಇಡುವ ಮರದ ಗುಡಿಸಲು, ಹಳ್ಳಿಯ ದೊಡ್ಡ ಉಯ್ಯಾಲೆ. ನಮ್ಮ ಜೋಕಾಲಿಯಂತೆ ಒಬ್ಬರು ಕೂರುವುದಲ್ಲ, ಎರಡೂ ಕಡೆ ಜನ ನಿಂತು ಜೀಕುವುದು. ಕ್ಯಾಸ್ಮು ಹಡಗಿನ ಕ್ಯಾಪ್ಟನ್‌ಗಳ ಊರು. 1884ರಿಂದ 1931ರವರೆಗೆ ಅಲ್ಲಿ ನೌಕಾ ಶಾಲೆ ಇತ್ತು. ಫಿನ್‌ಲೆಂಡಿನಲ್ಲಿ 1919ರಿಂದ 1932ರವರೆಗೆ ಪಾನನಿಷೇಧ. ಆಗ ಈ ಕರಾವಳಿಯ ದೋಣಿಗಳು ರಾತ್ರಿ ಹೊತ್ತು ಏನು ಹೇರಿಕೊಂಡು ಹೋಗುತ್ತಿದ್ದವು ಅಂತ ಬೇರೆ ಹೇಳಬೇಕಿಲ್ಲ. ಸೋವಿಯತ್ ಕಾಲದಲ್ಲಿ ಇದೇ ದಂಡೆ ಗಡಿ ವಲಯ. ಬರಲು ಪರವಾನಗಿ ಬೇಕಿತ್ತು. ಮೀನುಗಾರರ ಊರಿನವರಿಗೇ ಸಮುದ್ರ ಮುಚ್ಚಿತ್ತು.

ಸಗದಿಯಲ್ಲಿ ಗುಲಾಬಿ ಬಣ್ಣದ ಇನ್ನೊಂದು ದೊಡ್ಡಮನೆ, ಜೊತೆಗೆ ಅರಣ್ಯ ವಸ್ತುಸಂಗ್ರಹಾಲಯ. ವಾಪಸು ಬರುವಾಗ ಕೊಲ್ಗಾದಲ್ಲಿ ನಿಲ್ಲಿ. ಅಲ್ಲಿನ ದೊಡ್ಡಮನೆ ವರ್ಷಗಟ್ಟಲೆ ಪಾಳು ಬಿದ್ದಿತ್ತು. ಪಾಲ್ಮ್‌ಸೆಯ ಹೊಳಪು ಎಷ್ಟು ಕಷ್ಟದ್ದು ಅಂತ ಅಲ್ಲಿ ಅರ್ಥವಾಗುತ್ತದೆ. ಹೆದ್ದಾರಿ ಹತ್ತಿರವೇ ವಿರು ಜೌಗು. ಹಲಗೆ ದಾರಿಯ ಮೇಲೆ ನಡೆಯಬೇಕು, ಕೆಳಗೆ ಕಾಲಿಟ್ಟರೆ ಸ್ಪಂಜು.

ಕಾಡಿನಲ್ಲಿ ಹಣ್ಣು ಕೀಳಬಹುದಾ? ಯಾರಾದರೂ ಬೈತಾರಾ?

ಬೈಯುವುದಿಲ್ಲ. ಬೇಲಿ ಹಾಕದ ಕಾಡಿನಲ್ಲಿ, ಅದು ಖಾಸಗಿಯಾದರೂ, ಯಾರು ಬೇಕಾದರೂ ನಡೆಯಬಹುದು, ಹಣ್ಣು, ಅಣಬೆ ಕೀಳಬಹುದು. ಮಾಲೀಕ ಬೇಡ ಅಂತ ಬೋರ್ಡು ಹಾಕಿದ್ದರೆ ಬಿಡಿ. ಜುಲೈನಲ್ಲಿ ಬ್ಲೂಬೆರಿ ನೆಲದ ತುಂಬಾ ಇರುತ್ತದೆ. ಗೊತ್ತಿಲ್ಲದ ಅಣಬೆ ಮುಟ್ಟಬೇಡಿ. ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿಕೊಳ್ಳಿ. ಇಲ್ಲಿನ ಉಣ್ಣಿ ಮಿದುಳು ಜ್ವರ ಹರಡುತ್ತದೆ. ಮನೆಗೆ ಬಂದ ಮೇಲೆ ಮಂಡಿ ಸಂದು, ಕಂಕುಳು ಎಲ್ಲ ನೋಡಿಕೊಳ್ಳಿ. ನಾಚಿಕೆ ಬೇಡ.

ಕಾರಿಲ್ಲದೆ ಬಸ್ಸಿನಲ್ಲಿ ಹೋಗಬಹುದಾ?

ಹೋಗಬಹುದು. ಬರುವುದೇ ಕಷ್ಟ. ವೀಟ್ನಾವರೆಗೆ ರಾಕ್ವೆರೆ ಕಡೆಯ ಬಸ್ಸುಗಳಿವೆ. ಅಲ್ಲಿಂದ ಪಾಲ್ಮ್‌ಸೆಗೆ ಆರೇಳು ಕಿ.ಮೀ. ಒಳದಾರಿಯ ಬಸ್ಸು ದಿನಕ್ಕೆ ಕೆಲವೇ. ಮೊದಲ ಸಲ ಬಂದಾಗ ನಾನು ವಾರದ ದಿನದ ವೇಳಾಪಟ್ಟಿ ನೋಡಿಕೊಂಡು ಭಾನುವಾರ ಬಂದಿದ್ದೆ. ವಾಪಸು ಹೋಗಲು ಪಾಲ್ಮ್‌ಸೆಯ ನಿಲ್ದಾಣದಲ್ಲಿ ಒಂದು ಗಂಟೆ ಕೂತೆ. ಬಸ್ಸು ಬರಲಿಲ್ಲ, ಬರುವುದೂ ಇರಲಿಲ್ಲ. ಕೊನೆಗೆ ಎದ್ದು ನಡೆದೆ. ಎರಡೂ ಕಡೆ ಪೈನ್ ಕಾಡು, ಸಂಜೆ ಎಂಟಕ್ಕೂ ಬಿಸಿಲು, ಒಂದು ನರಪಿಳ್ಳೆ ಇಲ್ಲ. ಅರ್ಧ ದಾರಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದ ಒಬ್ಬಾತ ಏನೂ ಕೇಳದೆ ಪಕ್ಕದ ಸೀಟಿನ ಮೇಲಿದ್ದ ಆಲೂಗಡ್ಡೆ ಚೀಲ ಸರಿಸಿದ. ವೀಟ್ನಾ ಬರುವವರೆಗೂ ಇಬ್ಬರೂ ಒಂದು ಮಾತಾಡಲಿಲ್ಲ. ಇಳಿಯುವಾಗ ‘ಐತಾಹ್’ ಅಂದೆ. ಅವನು ಚೀಲದಿಂದ ನಾಲ್ಕು ಆಲೂಗಡ್ಡೆ ತೆಗೆದು ನನ್ನ ಕೈಗಿಟ್ಟ.